ನೀನು ವಾಪಸ್ ಕೇಳಿದ ಯಂತ್ರದ ವಿಚಾರ

ಭಾನುವಾರ, ಮಾರ್ಚ್ ೧೧

ಚೂಟಿಗೆ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಒಡಹುಟ್ಟಿದ ಅಕ್ಕನಿಗೆ ‘ಮಾನ್ಯರೇ’ ಎಂದು ಬರೆಯುವುದನ್ನು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ನನ್ನ ಕಚೇರಿಗೆ ದೂರು ಕೊಡುವ ಅಂಗಡಿಯವರು ಹಾಗೆ ಬರೆಯುತ್ತಾರೆ. ನಲವತ್ತಾರು ತುಂಬಿದವಳನ್ನು ಇನ್ನೂ ಚೂಟಿ ಎಂದರೆ ನಿನ್ನ ಮೂಗಿನ ತುದಿ ಕೆಂಪಾಗುತ್ತದೆ ಎಂಬುದೂ ನನಗೆ ಗೊತ್ತು. ಆಗಲಿ. ಬೇರೆ ಹೆಸರಿನಿಂದ ಕರೆದು ನನಗೆ ಅಭ್ಯಾಸವಿಲ್ಲ.

ನೀನು ಬರೆದದ್ದು ಮೂರೇ ಸಾಲು. ಅಡುಗೆಮನೆಯಲ್ಲಿರುವ ಡಿಶ್‌ವಾಷರ್ ನಿನ್ನ ಸಂಪಾದನೆಯಲ್ಲಿ ಕೊಂಡದ್ದು, ಈಗ ನಿನ್ನ ಹೊಸ ಅಡುಗೆಕೋಣೆಗೆ ಬೇಕು, ಮಾರ್ಚ್ ಕೊನೆಗೆ ಗಾಡಿ ಬರುತ್ತದೆ, ‘ದಯವಿಟ್ಟು ಕೊಟ್ಟು ಕಳಿಸಿ’. ‘ಕಳಿಸು’ ಅಲ್ಲ, ‘ಕಳಿಸಿ’. ನಿನ್ನ ಆ ಬಹುವಚನ ನನಗೆ ಚೆನ್ನಾಗಿ ತಟ್ಟಿತು. ತಟ್ಟಲೆಂದೇ ಬರೆದಿದ್ದೆಯಲ್ಲ, ತಲುಪಿದೆ ಎಂದು ತಿಳಿಸುತ್ತಿದ್ದೇನೆ.

ಕಾಗದ ಓದಿದ ಕೂಡಲೇ ನನಗೆ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಒಳ್ಳೆಯದೇ ಆಯಿತು ಅನ್ನಿಸಿತು. ಅಮ್ಮನನ್ನು ಬೀಳಿಸಿದ ಯಂತ್ರವನ್ನು ವಾಪಸ್ ಕೇಳುವಷ್ಟು ಮುಖ ಇದೆಯಲ್ಲ ಇವಳಿಗೆ, ಕೊಡೋಣ, ಆದರೆ ಬರಿಗೈಯಲ್ಲಿ ಬೇಡ ಎಂದುಕೊಂಡೆ. ರಿಪೇರಿಯವರನ್ನು ಕರೆಸಬೇಕು. ಮಿತಿ ಮೀರಿ ಪಾತ್ರೆ ತುಂಬಿದ್ದರಿಂದಲೇ ಯಂತ್ರ ಸೋರುತ್ತಿತ್ತು ಎಂದು ಅವರ ಕೈಯಲ್ಲಿ ಬರೆಸಿ, ಸಹಿ ಹಾಕಿಸಬೇಕು. ಆ ಕಾಗದವನ್ನು ಯಂತ್ರದ ಬಾಗಿಲಿಗೆ ಅಂಟಿಸಿ ನಿನ್ನ ಗಾಡಿಗೆ ಏರಿಸಬೇಕು. ಇಪ್ಪತ್ತೇಳು ವರ್ಷದಿಂದ ಅಂಗಡಿಗಳ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸಿ ಮುದ್ರೆ ಒತ್ತುವವಳು ನಾನು. ಬಾಯಿಮಾತಿಗೆ ಇಲ್ಲದ ಬೆಲೆ ಬರೆದು ಕೊಟ್ಟ ಕಾಗದಕ್ಕೆ ಇರುತ್ತದೆ.

ಮುಂದಿನದನ್ನು ಬರೆಯುವ ಮೊದಲು ಆ ಮಂಗಳವಾರದ ಲೆಕ್ಕ ಹೇಳಿಬಿಡುತ್ತೇನೆ. ನಿನಗೆ ಗೊತ್ತಿಲ್ಲವೆಂದಲ್ಲ. ನಿನ್ನ ನೆನಪಿನಲ್ಲಿರುವುದು ಒಂದು, ನನ್ನ ನೆನಪಿನಲ್ಲಿರುವುದು ಇನ್ನೊಂದು.

ನೀನು ಆಸ್ಪತ್ರೆಯ ಅಡುಗೆಮನೆಯ ಕೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದೆ. ಹೊರಡುವಾಗ ಹಿಂದಿನ ದಿನದ ಪಾತ್ರೆಗಳನ್ನೆಲ್ಲ ಯಂತ್ರಕ್ಕೆ ತುರುಕಿ ಗುಂಡಿ ಒತ್ತಿ ಹೋಗುವುದು ನಿನ್ನ ಪದ್ಧತಿ. ಬೇರೆಯವರ ಊಟದ ಆರ್ಡರ್ ಹಿಡಿದು ನೀನು ಮನೆಗೆ ತರುತ್ತಿದ್ದ ಆ ಮಣಭಾರದ ಟ್ರೇಗಳೂ ಅದರಲ್ಲಿ ಇರುತ್ತಿದ್ದವು. ಆ ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಅಮ್ಮ ಟೀಗೆ ನೀರಿಡಲು ಒಲೆಯ ಹತ್ತಿರ ಹೋದಳು. ನಾನು ಸದ್ದು ಕೇಳಿ ಬಂದಾಗ ನೆಲದ ಮೇಲೆ ಅಮ್ಮ ಇದ್ದಳು, ಅಮ್ಮನ ಕೆಳಗೆ ನೀರು ಇತ್ತು. ‘ನಾನೇ ನೋಡ್ಕೊಂಡ್ ಹೋಗ್ಬೇಕಿತ್ತು’ ಎಂದಳು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯ ವರಾಂಡದಲ್ಲಿ, ಚಿಕ್ಕಮ್ಮನ ಎದುರಿಗೆ, ನಿನ್ನ ಜೊತೆ ಕೆಲಸ ಮಾಡುತ್ತಿದ್ದ ನರ್ಸ್‌ಗಳ ಎದುರಿಗೆ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ‘ನಿನ್ನ ಮಷೀನು, ನಿನ್ನ ಸೋಮಾರಿತನ. ಅಮ್ಮನ ಸೊಂಟ ಮುರಿದೋಳು ನೀನೇ’ ಎಂದೆ. ನೀನು ಆಗ ಕೂಗಾಡಲಿಲ್ಲ. ‘ನಾನು ನೆಲ ಒರೆಸಿಯೇ ಹೋಗಿದ್ದೆ ಅಕ್ಕ, ಒಣಗಿತ್ತು’ ಎಂದೆ. ಸುಳ್ಳಿ ಎಂದೆ ನಾನು. ಕೂಗಾಟ ಆಮೇಲೆ ಮನೆಯಲ್ಲಿ ನಡೆಯಿತು, ಅದರಲ್ಲಿ ನೀನೇನೂ ಹಿಂದೆ ಬೀಳಲಿಲ್ಲ. ನಾನು ತಕ್ಕಡಿ ಹಿಡಿದುಕೊಂಡೇ ಹುಟ್ಟಿದವಳು, ಈ ಮನೆಯಲ್ಲಿ ಉಸಿರಾಡಬೇಕಾದರೂ ನನ್ನ ಮುದ್ರೆ ಬೇಕು ಎಂದು ನೀನಂದೆ. ಗಂಡನ ಮನೆ ಬಿಟ್ಟು ಬಂದಾಗ ರಸ್ತೆಯಲ್ಲಿ ಮಲಗಿದ್ದರೂ ಇದಕ್ಕಿಂತ ಸುಖವಾಗಿರುತ್ತಿದ್ದೆ ಎಂದೂ ಹೇಳಿದೆ. ಆರು ವರ್ಷ ನಾನು ಹಾಕಿದ ಅನ್ನಕ್ಕೆ ಅದು ನೀನು ಕೊಟ್ಟ ರಸೀದಿ. ಆಸ್ಪತ್ರೆಯ ಕೆಲಸವನ್ನೂ ಬಿಟ್ಟು, ಎರಡು ಚೀಲ ತುಂಬಿಕೊಂಡು ಹೊರಟೆ. ಹೋಗುವಾಗ ಅಮ್ಮನ ಹಳೆಯ ಕನ್ನಡಕವನ್ನು ಕೇಳದೆ ಎತ್ತಿಕೊಂಡು ಹೋದೆ, ಅದನ್ನೂ ನಾನು ಮರೆತಿಲ್ಲ.

ನೀನು ಹೋದ ಮೇಲೆ ನಾನು ಆ ಯಂತ್ರವನ್ನು ಮುಟ್ಟಲಿಲ್ಲ. ಅಮ್ಮ ಆಸ್ಪತ್ರೆಯಿಂದ ವಾಪಸ್ ಬರಲೇ ಇಲ್ಲ. ನನ್ನೊಬ್ಬಳ ಪಾತ್ರೆ, ಕೈಯಲ್ಲೇ ತೊಳೆದೆ. ಅಡುಗೆಮನೆಯಲ್ಲಿ ಒಂದು ಹನಿ ನೀರು ಕಾಣಲಿಲ್ಲ. ನೀನು ಹೋದೆ, ನೀರೂ ನಿಂತಿತು. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು ಎಂದು ಬಂದವರಿಗೆಲ್ಲ ಹೇಳಿದ್ದೇನೆ. ಎಷ್ಟು ಜನಕ್ಕೆ ಎಂದು ಎಣಿಸಿಲ್ಲ.

ಸರಿ. ನಿನ್ನ ಕಾಗದ ಬಂದ ವಾರದ ಶನಿವಾರ ಯಂತ್ರಕ್ಕೆ ಎರಡು ತಟ್ಟೆ, ಒಂದು ಲೋಟ, ಒಂದು ಚಮಚ ಇಟ್ಟೆ. ಪುಡಿಯನ್ನು ಅಳೆದು ಹಾಕಿದೆ. ಸರಿಯಾಗಿ ಬಳಸಿದರೆ ಸೋರುವುದಿಲ್ಲ ಎಂದು ಮೊದಲು ನಾನೇ ಖಚಿತಪಡಿಸಿಕೊಂಡು, ಆಮೇಲೆ ರಿಪೇರಿಯವರನ್ನು ಕರೆಯುವುದೆಂದು ನನ್ನ ಯೋಚನೆ. ಗುಂಡಿ ಒತ್ತಿ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತ ನಿಂತೆ. ಮುಕ್ಕಾಲು ಗಂಟೆಯ ಮೇಲೆ ಬಂದು ನೋಡಿದರೆ ಒಲೆಯ ಕೆಳಗೆ ನೀರು. ಅಮ್ಮ ಬಿದ್ದಿದ್ದಳಲ್ಲ, ಅದೇ ಜಾಗದಲ್ಲಿ.

ನಾನು ಸೋಲಲಿಲ್ಲ. ಒಂದು ವರ್ಷ ನಿಂತ ಯಂತ್ರ, ಬಾಗಿಲ ಸುತ್ತಿನ ರಬ್ಬರು ಒಣಗಿ ಸೀಳಿರಬೇಕು, ಅದೂ ನೀನು ಒತ್ತಿ ಒತ್ತಿ ಬಾಗಿಲು ಹಾಕುತ್ತಿದ್ದುದರಿಂದಲೇ ಎಂದುಕೊಂಡೆ. ಹೊಸ ರಬ್ಬರು ತಂದು ನಾನೇ ಕೂರಿಸಿದೆ. ಮತ್ತೆ ಓಡಿಸಿದೆ. ಮತ್ತೆ ನೀರು. ಪುಡಿ ಹೆಚ್ಚಾಗಿ ನೊರೆ ಬರುತ್ತಿರಬಹುದೆಂದು ಪುಡಿಯಿಲ್ಲದೆ, ಪಾತ್ರೆಯೂ ಇಲ್ಲದೆ, ಬರೀ ಯಂತ್ರವನ್ನು ಓಡಿಸಿದೆ. ಆಗಲೂ ಅಷ್ಟೇ ನೀರು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ನೀನು ನಗಬಹುದು. ಆದರೆ ನೆಲ ನಿಜವಾಗಿಯೂ ಡೊಂಕು. ಮಟ್ಟಗೋಲು ಇಟ್ಟು ನೋಡಿದ್ದೇನೆ, ಒಲೆಯ ಕಡೆಗೆ ಇಳಿಜಾರಿದೆ.

ಅಷ್ಟರಲ್ಲಿ ಕೆಳಮನೆಯ ಟೈಲರಮ್ಮ ಮೇಲೆ ಬಂದಳು. ಆಕೆಯ ನಾಲಿಗೆ ನಿನಗೆ ಗೊತ್ತೇ ಇದೆ, ಕತ್ತರಿಯ ಜೊತೆಯಲ್ಲೇ ಸಾಣೆ ಹಿಡಿಸುತ್ತಾಳೆ. ಬಾಗಿಲಲ್ಲೇ ನಿಂತು, ‘ಒಂದು ವರ್ಷ ಸುಮ್ನಿದ್ರಿ, ಈಗ ಮತ್ತೆ ಶುರು ಮಾಡಿದ್ರಾ? ನಿಮ್ಮನೆ ನೀರು ನಮ್ಮನೆಗೆ ಸೊಸೆಯಾಗಿ ಬಂದಂಗಿದೆ, ಹೋಗೋ ಲಕ್ಷಣವೇ ಇಲ್ಲ. ಗಿರಾಕಿ ಕೋಟಿನ ಮೇಲೆ ಬಿದ್ದಿದೆ, ಬಂದು ನೋಡಿ’ ಎಂದಳು. ಕೆಳಗಿಳಿದು ನೋಡಿದೆ. ಆಕೆಯ ಚಾವಣಿಯಲ್ಲಿ ತಟ್ಟೆಯಷ್ಟು ಅಗಲದ ಕಂದು ಕಲೆ ಇತ್ತು. ಗೋಡೆಯಿಂದ ಹೆಜ್ಜೆ ಹಾಕಿ ಅಳೆದೆ. ಕಲೆ ಇದ್ದದ್ದು ಯಂತ್ರದ ಕೆಳಗಲ್ಲ. ಯಂತ್ರದಿಂದ ನಾಲ್ಕು ಹೆಜ್ಜೆ ಆಚೆ, ಸಿಂಕಿನ ಕಪಾಟು ಮುಗಿದು ಒಲೆ ಶುರುವಾಗುವ ಕಡೆ. ನನಗೆ ಆಗಲೇ ಏನೋ ಇರುಸುಮುರುಸಾಯಿತು. ಆದರೂ ನೀರಿಗೆ ಕಾಲಿರುತ್ತದೆ, ಎಲ್ಲೋ ಹುಟ್ಟಿ ಎಲ್ಲೋ ಹೋಗುತ್ತದೆ ಎಂದು ಸಮಾಧಾನ ಹೇಳಿಕೊಂಡು ರಿಪೇರಿಯವರಿಗೆ ಫೋನ್ ಮಾಡಿದೆ.

ಬಂದವರಿಗೆ ಅರವತ್ತರ ಮೇಲೆ. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ, ಕೈಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು. ನಾನು ಅವರಿಗೆ ಕೂರಲೂ ಬಿಡದೆ ನಿನ್ನ ಟ್ರೇಗಳ ಪುರಾಣ ಹೇಳಿದೆ, ಕಾಗದದಲ್ಲಿ ಏನು ಬರೆದುಕೊಡಬೇಕೆಂದೂ ಹೇಳಿದೆ. ಅವರು ಎಲ್ಲ ಕೇಳಿ, ‘ನೀರು ಯಾವಾಗ ಬರುತ್ತೆ ಮೇಡಂ? ತೊಳೆಯೋವಾಗಲೋ, ಕೊಳೆ ನೀರು ಹೊರಗೆ ಬಿಡೋವಾಗಲೋ?’ ಎಂದರು. ನನಗೆ ಗೊತ್ತಿರಲಿಲ್ಲ. ‘ಹಾಗಾದ್ರೆ ಇಷ್ಟು ದಿನ ನೀವು ನೋಡಿದ್ದು ನೀರನ್ನ, ಸೋರೋದನ್ನಲ್ಲ’ ಎಂದರು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಬಾಗಿಲು ತೋರಿಸುತ್ತಿದ್ದೆ.

ಯಂತ್ರದ ಬುಡದ ತಗಡನ್ನು ಬಿಚ್ಚಿದರು. ಒಳಗೆ, ಮುಂದೆ, ಪಕ್ಕಕ್ಕೆ, ಒಲೆಯವರೆಗೂ ಪತ್ರಿಕೆ ಹಾಸಿದರು. ಯಂತ್ರ ಓಡಿಸಿ ನಾವಿಬ್ಬರೂ ಎರಡು ಸ್ಟೂಲು ಹಾಕಿಕೊಂಡು ಕೂತೆವು. ಅವರು ಟಾರ್ಚ್ ಹಿಡಿದು ನೋಡುತ್ತಿದ್ದರು. ನೀರು ತುಂಬಿತು, ತಿರುಗಿತು, ಬಿಸಿಯಾಯಿತು. ಪತ್ರಿಕೆ ಎಲ್ಲ ಕಡೆ ಒಣಗಿಯೇ ಇತ್ತು. ಇಪ್ಪತ್ತೈದು ನಿಮಿಷವಾದ ಮೇಲೆ ಯಂತ್ರ ಗುರ್ ಎಂದು ನೀರನ್ನು ಹೊರಗೆ ತಳ್ಳತೊಡಗಿತು. ಆಗ ಒಲೆಯ ಹತ್ತಿರದ ಪತ್ರಿಕೆಯ ಅಂಚು ಕಪ್ಪಗಾಯಿತು. ಯಂತ್ರದ ಕೆಳಗಿನ ಪತ್ರಿಕೆ ಮಾತ್ರ ಗರಿಗರಿಯಾಗಿಯೇ ಇತ್ತು. ಅವರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, ‘ಮಷೀನಿಗೆ ಏನೂ ಆಗಿಲ್ಲ. ಯಾರು ಎಷ್ಟು ಪಾತ್ರೆ ತುಂಬಿದ್ರೂ ಹೀಗೆ ಸೋರಲ್ಲ. ನೀರು ಹೊರಗೆ ಹೋಗೋ ಪೈಪು ನೋಡ್ಬೇಕು’ ಎಂದರು.

ಆ ಪೈಪು ಯಂತ್ರದ ಹಿಂದಿನಿಂದ ಸಿಂಕಿನ ಕಪಾಟಿನೊಳಗೆ ಬಂದು, ಒಲೆಯ ಕಡೆಗಿರುವ ಕೊನೆಯ ಹಲಗೆಗೆ ತಾಗಿಕೊಂಡು ಹಾದು, ಮೂಲೆಯಲ್ಲಿ ಮೋರಿಗೆ ಸೇರುತ್ತದೆ. ನಾವು ಯಾರೂ ಅದನ್ನು ಕಂಡವರಲ್ಲ. ಮುಂದೆ ಬಕೆಟ್ಟು, ಸೋಪಿನ ಡಬ್ಬ, ಹಳೇ ಚೀಲಗಳ ರಾಶಿ. ಅವನ್ನೆಲ್ಲ ಒಂದೊಂದಾಗಿ ಹೊರಗೆಳೆದೆ. ರಿಪೇರಿಯವರು ತಲೆ ಒಳಗೆ ತೂರಿಸಿ ಟಾರ್ಚ್ ಬಿಟ್ಟರು. ಆಮೇಲೆ ಅಲ್ಲಿಂದಲೇ, ‘ಈ ಹಲಗೆಗೆ ಆಚೆ ಕಡೆಯಿಂದ ಏನಾದ್ರೂ ಹೊಡೆದಿದ್ದೀರಾ?’ ಎಂದು ಕೇಳಿದರು.

ಹೊಡೆದಿತ್ತು. ಒಂದು ಕೊಕ್ಕೆ. ನೆಲ ಒರೆಸುವ ಬಟ್ಟೆ ನೇತುಹಾಕುವುದಕ್ಕೆ.

ಆ ಕೊಕ್ಕೆ ಯಾವಾಗ ಬಂತು ಎಂದು ನಿನಗೆ ನೆನಪಿರಲಿಕ್ಕಿಲ್ಲ. ಅಮ್ಮ ಬೀಳುವುದಕ್ಕೆ ಎರಡು ವಾರ ಮುಂಚೆ. ಒದ್ದೆ ಬಟ್ಟೆಯನ್ನು ನೀನು ಬಕೆಟ್ಟಿನಲ್ಲೇ ಮುದ್ದೆ ಮಾಡಿ ಬಿಟ್ಟು ಹೋಗುತ್ತೀಯ, ನಾರುತ್ತದೆ ಎಂದು ಸಿಟ್ಟಾಗಿ, ನೀನು ಕೆಲಸಕ್ಕೆ ಹೋಗಿದ್ದಾಗ ನಾನೇ ಸ್ಕ್ರೂ ಹಾಕಿ ತಿರುಗಿಸಿದ್ದೆ. ಅರ್ಧ ಇಂಚಿನ ಹಲಗೆಗೆ ಒಂದೂವರೆ ಇಂಚಿನ ಸ್ಕ್ರೂ. ಡಬ್ಬದಲ್ಲಿ ಕೈಗೆ ಸಿಕ್ಕಿದ್ದು ಅದು. ಆಚೆ ಕಡೆ ಏನಿದೆ ಎಂದು ಕಪಾಟಿನ ಬಾಗಿಲು ತೆರೆದು ನೋಡಲಿಲ್ಲ. ತೂಕದ ಬಟ್ಟಿನಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೆ ಅಂಗಡಿಯವನನ್ನು ನಿಲ್ಲಿಸಿ ನೀರಿಳಿಸುವವಳು ನಾನು. ಸ್ಕ್ರೂ ಹಲಗೆ ದಾಟಿ ಪೈಪಿನೊಳಗೆ ಇಳಿದಿತ್ತು. ಸ್ಕ್ರೂವೇ ತೂತಿಗೆ ಬಿರಡೆಯಂತೆ ಕೂತಿದ್ದರಿಂದ ಧಾರೆ ಬರಲಿಲ್ಲ. ಯಂತ್ರ ನೀರನ್ನು ರಭಸದಿಂದ ತಳ್ಳುವಾಗ ಮಾತ್ರ ಸುತ್ತಲಿಂದ ಒಸರಿ, ಹಲಗೆಯ ಬುಡಕ್ಕೆ ಇಳಿದು, ಕಪಾಟಿನ ಅಡಿಯಿಂದ ಒಲೆಯ ಮುಂದಕ್ಕೆ ಬರುತ್ತಿತ್ತು.

ರಿಪೇರಿಯವರು ಕೊಕ್ಕೆಯನ್ನು ತಿರುಗಿಸಿ ಹೊರಗೆಳೆದರು. ಸ್ಕ್ರೂವಿನ ಅರ್ಧದಷ್ಟು ತುಕ್ಕು ಹಿಡಿದಿತ್ತು. ‘ಯಾರ್ ಹೊಡೆದಿದ್ದು ಇದನ್ನ? ಅಳತೆ ಗೊತ್ತಿಲ್ದೋರು’ ಎಂದರು. ನಾನು ಗೊತ್ತಿಲ್ಲ ಎಂದೆ.

ಅದು ಸುಳ್ಳು. ಒಬ್ಬ ಅಪರಿಚಿತ ಮನುಷ್ಯನ ಮುಂದೆ ಕೂಡ ನನಗೆ ಬಾಯಿ ಬರಲಿಲ್ಲ. ಅವರು ಹೊಸ ಪೈಪು ತೆಗೆದುಕೊಂಡು ನಾಳೆ ಬರುತ್ತೇನೆ ಎಂದಾಗ ಬೇಡ, ನಾನೇ ನೋಡಿಕೊಳ್ಳುತ್ತೇನೆ ಎಂದು ಕಳಿಸಿಬಿಟ್ಟೆ. ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಕೇಳುತ್ತಾರೆ ಎಂಬ ಹೆದರಿಕೆ. ಬಾಗಿಲಲ್ಲಿ ಅವರು, ‘ಕಾಗದದಲ್ಲಿ ಏನೋ ಬರೆದುಕೊಡ್ಬೇಕು ಅಂದಿದ್ರಲ್ಲ?’ ಎಂದು ನೆನಪಿಸಿದರು. ಬೇಡ ಎಂದೆ.

ಅವರು ಹೋದ ಮೇಲೆ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಆ ಮಂಗಳವಾರವನ್ನು ಮತ್ತೆ ನಿಮಿಷ ನಿಮಿಷವಾಗಿ ಕೂಡಿಸಿ ನೋಡಿದೆ. ಆರಕ್ಕೆ ನೀನು ನೆಲ ಒರೆಸಿದೆ. ಗುಂಡಿ ಒತ್ತಿ ಬಾಗಿಲು ಎಳೆದುಕೊಂಡು ಹೋದೆ. ನೆಲ ಒಣಗಿತ್ತು. ಯಂತ್ರ ನೀರು ಹೊರಗೆ ತಳ್ಳಿದ್ದು ಆರೂ ಇಪ್ಪತ್ತೈದರ ಸುಮಾರಿಗೆ. ಅಮ್ಮ ಎದ್ದು ಒಲೆಯ ಹತ್ತಿರ ಹೋದದ್ದು ಆರೂವರೆಗೆ. ನೀನು ಹೇಳಿದ್ದು ನಿಜ. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ದಿನ ಹಿಡಿಯಿತು. ನಡುವೆ ಮೂರು ಸಲ ಬರೆದು ಹರಿದಿದ್ದೇನೆ. ಮೂರರಲ್ಲೂ ಸ್ಕ್ರೂ ತನ್ನಷ್ಟಕ್ಕೆ ತಾನೇ ಹಲಗೆಗೆ ಹೋಗಿ ಕೂತಿತ್ತು.

ಮರುದಿನ ಕಚೇರಿಯಿಂದ ಬರುತ್ತ ಪೈಪು ತಂದೆ. ನೀರಿನ ನಲ್ಲಿ ನಿಲ್ಲಿಸಿ, ವಿದ್ಯುತ್ತಿನ ತಂತಿ ಕಿತ್ತು, ಹಳೇ ಪೈಪಿನ ಕ್ಲಿಪ್ಪುಗಳನ್ನು ಸಡಿಲಿಸಿ ಎಳೆದೆ. ಒಳಗೆ ನಿಂತಿದ್ದ ಕೊಳೆ ನೀರೆಲ್ಲ ತೋಳಿನ ಮೇಲೆ ಸುರಿಯಿತು. ಹೊಸದನ್ನು ಯಂತ್ರದ ಹಿಂಬದಿಯ ಮೂತಿಗೆ ಕೂರಿಸಲು ಬೆರಳೇ ಹೋಗುವುದಿಲ್ಲ. ಯಂತ್ರವನ್ನು ಮುಂದಕ್ಕೆ ಎಳೆಯುವಾಗ ನಿನ್ನನ್ನು ಬಾಯಿತುಂಬ ಬೈದೆ. ಇದನ್ನು ಕೊಂಡವಳು ನೀನು, ಮೂವರು ಹೆಂಗಸರ ಪಾತ್ರೆಗೆ ಆನೆಯಂಥ ಯಂತ್ರ ಬೇಡ ಎಂದವಳು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಪೈಪನ್ನು ಈ ಸಲ ಹಲಗೆಯಿಂದ ದೂರಕ್ಕೆ, ಹಿಂಗೋಡೆಗೆ ಹೊಂದಿಸಿ ಕಟ್ಟಿದ್ದೇನೆ. ಕೊಕ್ಕೆಯ ತೂತಿಗೆ ಮರದ ಪುಡಿ, ಅಂಟು ತುಂಬಿದ್ದೇನೆ. ಐದು ಸಲ ಓಡಿಸಿದೆ. ಐದು ಸಲವೂ ಪತ್ರಿಕೆ ಹಾಸಿ, ಸ್ಟೂಲು ಹಾಕಿಕೊಂಡು ಕೊನೆಯವರೆಗೆ ಕೂತಿದ್ದೆ. ಹನಿ ಇಲ್ಲ.

ಟೈಲರಮ್ಮನಿಗೆ ಹೇಳಿದೆ. ಆಕೆ ಹೊಲಿಗೆ ಯಂತ್ರ ನಿಲ್ಲಿಸಿ, ‘ಅಂದ್ರೆ ಅಷ್ಟು ದಿನ ಆ ತಂಗಿಯನ್ನ ಸುಮ್ಮನೆ ಅಂದಿದ್ದಾ ನೀವು?’ ಎಂದಳು. ಹೂಂ ಎಂದೆ. ತನ್ನ ತಟ್ಟೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಇನ್ನೊಬ್ಬರ ತಟ್ಟೆಯ ನೊಣ ಓಡಿಸುವವರನ್ನು ನೋಡಿದ್ದೇನೆ, ಇಷ್ಟು ದೊಡ್ಡ ಕತ್ತೆಯನ್ನು ನೋಡಿರಲಿಲ್ಲ ಎಂದಳು.

ಚಿಕ್ಕಮ್ಮನಿಗೂ ಫೋನ್ ಮಾಡಿ ಹೇಳಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ ಆಕೆಯ ಎದುರಿಗೇ ಅಂದದ್ದಲ್ಲವೇ. ‘ಸ್ಕ್ರೂ ಹೊಡೆದಿದ್ದು ನಾನು ಚಿಕ್ಕಮ್ಮ, ಅವಳಲ್ಲ’ ಎಂದೆ. ‘ನನಗೆ ಯಾಕೆ ಹೇಳ್ತೀಯೇ, ಅವಳಿಗೆ ಹೇಳಿದ್ಯಾ?’ ಎಂದಳು. ಆದ್ದರಿಂದ ಈ ಕಾಗದ.

ಇದನ್ನು ಕ್ಷಮೆ ಕೇಳುವ ಕಾಗದ ಎಂದು ತಿಳಿಯಬೇಡ. ಕೇಳಿದರೆ ನೀನು ಕೊಡುವುದಿಲ್ಲ, ಕೊಟ್ಟರೆ ನನಗೆ ಇಟ್ಟುಕೊಳ್ಳಲು ಬರುವುದಿಲ್ಲ. ನಿನ್ನ ಮೇಲೆ ನನಗಿರುವ ಸಿಟ್ಟಿನಲ್ಲಿ ನೀರಿನದ್ದನ್ನು ಮಾತ್ರ ಕಳೆದಿದ್ದೇನೆ, ಉಳಿದದ್ದು ಹಾಗೇ ಇದೆ. ರಸ್ತೆಯಲ್ಲಿ ಮಲಗಿದ್ದರೂ ಸುಖ ಎಂದೆಯಲ್ಲ, ಅದು ಇದೆ. ಅಮ್ಮನ ಕನ್ನಡಕ ಇದೆ. ‘ಮಾನ್ಯರೇ’ ಹೊಸದಾಗಿ ಸೇರಿದೆ.

ಯಂತ್ರವನ್ನು ಗಾಡಿಯವನ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಎಳೆದಾಡಿ ಪೈಪು ಕಿತ್ತಾನು. ಹೇಗೆ ಜೋಡಿಸಿದ್ದೇನೆ ಎಂದು ತೋರಿಸಬೇಕು, ಅದು ಬರೆದು ತಿಳಿಸುವಂಥದ್ದಲ್ಲ. ನೀನೇ ಬಾ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ. ಮೊದಲಾದರೆ ನಾನು ಕಚೇರಿಯಲ್ಲಿರುವ ಹೊತ್ತು ನೋಡಿಕೊಂಡು ನೀನು ಬರುತ್ತಿದ್ದೆ, ಈ ಸಲ ಹಾಗೆ ಮಾಡಬೇಡ. ಜಗಳ ಆಡುವುದಿದ್ದರೆ ಎದುರಿಗೆ ನಿಂತು ಆಡು. ಟೀ ಮಾಡುತ್ತೇನೆ. ನಿನಗೆ ಸಕ್ಕರೆ ಎಷ್ಟು ಎಂಬುದು ಇನ್ನೂ ಮರೆತಿಲ್ಲ, ಅದೊಂದು ದರಿದ್ರ ನೆನಪು.

ನೀನು ಮಾನ್ಯರೇ ಅಂದರೂ ಅನ್ನದಿದ್ದರೂ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಸ್ಕ್ರೂವಿನ ವಿಷಯ ಬರೆಯುವುದು ಇದಕ್ಕಿಂತ ಸುಲಭವಾಗಿತ್ತು. ಆಸ್ಪತ್ರೆಯಲ್ಲಿ, ಅಮ್ಮ ತೀರಿಕೊಂಡ ಆ ಕೊನೆಯ ವಾರದ ಬುಧವಾರ, ಅವಳು ನಿನ್ನನ್ನು ಕೇಳಿದಳು. ‘ಚೂಟಿಗೆ ಫೋನ್ ಮಾಡೇ, ಒಂದ್ಸಲ ಬಂದು ಹೋಗು ಅನ್ನು’ ಎಂದಳು. ನಾನು ವರಾಂಡಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು, ‘ಮಾಡಿದೆ, ಅವಳು ಎತ್ತಲಿಲ್ಲ’ ಎಂದೆ. ಗುರುವಾರವೂ ಕೇಳಿದಳು, ಗುರುವಾರವೂ ಹಾಗೇ ಎಂದೆ. ‘ಪಾಪ, ಕೆಲಸ ಇರುತ್ತೆ ಅವಳಿಗೆ’ ಎಂದಳು. ಶುಕ್ರವಾರ ಕೇಳಲಿಲ್ಲ. ಅಮ್ಮ ನಿನ್ನನ್ನು ನೆನೆಯದೇ ಹೋದಳು ಎಂದು ಆಮೇಲೆ ನೀನು ಬಂದಾಗ ನಾನು ಬಾಗಿಲಲ್ಲಿ ನಿನಗೆ ಹೇಳಿದ್ದೂ ಸುಳ್ಳು. ನಾನು ಫೋನ್ ಮಾಡಿಯೇ ಇರಲಿಲ್ಲ. ಇದು ಚಿಕ್ಕಮ್ಮನಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ನೀನು ಬರದೆ ಗಾಡಿಯನ್ನೇ ಕಳಿಸಿದರೆ, ಯಂತ್ರವನ್ನು ಗಾಡಿಯವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಏನೂ ಅನ್ನುವುದಿಲ್ಲ.